ಓಡುವ ಕಿಟಕಿಯಿಂದ ರಾತ್ರಿಯ ಊರು

ಕಳೆದ ಚಳಿಗಾಲದ ಒಂದು ಸಂಜೆ ಚಾಮರಾಜಪೇಟೆಯ ನಮ್ಮ ಮನೆ ತಾರಸಿ ಮೇಲೆ ಮಗಳೂ ನಾನೂ ನಿಂತಿದ್ದೆವು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮೂರ ಮೇಲೆ ಹಾದುಹೋಗುವ ಹೊತ್ತು. ಮೊಬೈಲನ್ನು ನೀರಿನ ಟ್ಯಾಂಕಿಗೆ ಒರಗಿಸಿ, ಶಟರ್ ಹತ್ತು ಸೆಕೆಂಡು ತೆರೆದಿರುವ ಹಾಗೆ ಇಟ್ಟೆ. ಮಿನುಗದೆ, ಸದ್ದಿಲ್ಲದೆ ಬಂತು ಆ ಬೆಳಕು. ಫೋಟೋ ನೋಡಿದರೆ ಚುಕ್ಕಿ ಇಲ್ಲ, ಉದ್ದಕ್ಕೆ ಒಂದು ಬಿಳಿ ಗೆರೆ. "ಅಲ್ಲಿರೋರು ನಮ್ಮ ಫೋಟೋ ತೆಗೆದ್ರೆ ನಾವೂ ಹಿಂಗೇ ಗೆರೆ ಆಗ್ತೀವಾ?" ಅಂತ ಮಗಳು ಕೇಳಿದಳು.

ಆಗ್ತೀವಿ. ಮನುಷ್ಯರು ಅಂತರಿಕ್ಷದಿಂದ ಭೂಮಿಯ ರಾತ್ರಿಯ ಫೋಟೋ ತೆಗೆಯಲು ಇಷ್ಟು ವರ್ಷ ಪಟ್ಟ ಪಾಡೆಲ್ಲ ಆ ಗೆರೆಯನ್ನು ಮತ್ತೆ ಚುಕ್ಕಿ ಮಾಡುವುದಕ್ಕೇ.

ಕತ್ತಲೆಯೇ ದೊಡ್ಡ ತೊಂದರೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕತ್ತಲೆಗಿಂತ ಕಾಡುವುದು ವೇಗ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ನಿಲ್ದಾಣ ನೆಲದ ಮೇಲೆ ಸೆಕೆಂಡಿಗೆ 7 ಕಿಲೋಮೀಟರಿಗೂ ಜಾಸ್ತಿ ದೂರ ದಾಟುತ್ತದೆ. ಮೆಜೆಸ್ಟಿಕ್ಕಿನಿಂದ ಬನಶಂಕರಿ ಬಸ್ ಸ್ಟ್ಯಾಂಡಿಗೆ ಒಂದೇ ಸೆಕೆಂಡು! ಹಗಲಿನಲ್ಲಿ ಬೆಳಕು ಧಾರಾಳ, ಸೆಕೆಂಡಿನ ಸಾವಿರದ ಒಂದು ಭಾಗ ಶಟರ್ ತೆರೆದರೆ ಸಾಕು. ರಾತ್ರಿ ಅಷ್ಟು ಸಾಲದು. ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿಟ್ಟರೂ ಅಷ್ಟರಲ್ಲಿ ನೆಲ 200 ಮೀಟರಿಗೂ ಹೆಚ್ಚು ಸರಿದಿರುತ್ತದೆ. ಬೀದಿ ದೀಪಗಳೆಲ್ಲ ಒಂದರ ಮೇಲೊಂದು ಬಳಿದ ಹಾಗೆ ಆಗಿಬಿಡುತ್ತವೆ.

1962ರ ಫೆಬ್ರವರಿ 20ರಂದು ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಮೂರು ಸುತ್ತು ಹಾಕಿದರು. ಅವರ ಕೈಯಲ್ಲಿದ್ದ ಕ್ಯಾಮೆರಾ ಫ್ಲಾರಿಡಾದ ಅಂಗಡಿಯೊಂದರಲ್ಲಿ ಕೊಂಡದ್ದು. ಅವರು ಮೇಲೆ ಹಾದುಹೋಗುತ್ತಾರೆ ಅಂತ ಆಸ್ಟ್ರೇಲಿಯಾದ ಪರ್ತ್ ಊರಿನ ಜನ ಮನೆ, ಅಂಗಡಿ, ಬೀದಿ ದೀಪಗಳನ್ನೆಲ್ಲ ಹಚ್ಚಿಟ್ಟರು. ಗ್ಲೆನ್‌ಗೆ ಅದು ಕಂಡಿತು, ರೇಡಿಯೋದಲ್ಲೇ ಥ್ಯಾಂಕ್ಸ್ ಹೇಳಿದರು. ಆ ದೀಪಗಳು ಇತಿಹಾಸ ಸೇರಿದ್ದು ಅವರ ಮಾತಿನಿಂದ. 1998ರಲ್ಲಿ, 77ನೇ ವಯಸ್ಸಿನಲ್ಲಿ ಅವರು ಷಟಲ್‌ನಲ್ಲಿ ಮತ್ತೆ ಹೋದಾಗ ಪರ್ತ್ ಇನ್ನೊಮ್ಮೆ ದೀಪ ಹಚ್ಚಿತು. ಆ ಊರಿನ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಇದಕ್ಕೇ.

ಚಂದ್ರನಿಂದ ಮರಳುವವರಿಗೆ ಕಂಡ ರಾತ್ರಿಯೇ ಬೇರೆ. 1969ರ ನವೆಂಬರ್‌ನಲ್ಲಿ ಅಪೋಲೋ 12ರ ಮೂವರು ವಾಪಸು ಬರುತ್ತಿದ್ದಾಗ ಭೂಮಿ ಸೂರ್ಯನಿಗೆ ಅಡ್ಡ ಬಂತು. ಕಪ್ಪು ತಟ್ಟೆ, ಅಂಚಿಗೆ ತೆಳು ಬೆಳಕಿನ ಬಳೆ. ಅದರ ಚಿತ್ರ ತೆಗೆದರು.

ಫಿಲ್ಮಿನ ಕಾಲದಲ್ಲಿ ಊರಿನ ದೀಪಗಳು ಸ್ಪಷ್ಟವಾಗಿ ಬೀಳುವುದು ಕಷ್ಟವೇ ಇತ್ತು. ಕಡಿಮೆ ಬೆಳಕಿಗೆ ಒಗ್ಗುವ ಫಿಲ್ಮಿನಲ್ಲಿ ಚಿತ್ರ ತರಿತರಿಯಾಗುತ್ತದೆ. ಮೇಲೆ ಅಂತರಿಕ್ಷದ ವಿಕಿರಣ ಫಿಲ್ಮನ್ನೂ ಮಂಕು ಮಾಡುತ್ತದೆ.

ದಾರಿ ಬದಲಿಸಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಅಮೆರಿಕದ ಗಗನಯಾತ್ರಿ ಡಾನ್ ಪೆಟಿಟ್. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 2002ರ ಕೊನೆಯಿಂದ 2003ರ ಮೇ ತನಕ ನಿಲ್ದಾಣದಲ್ಲಿದ್ದರು. ನೆಲ ಒಂದು ಕಡೆ ಓಡಿದರೆ ಕ್ಯಾಮೆರಾವನ್ನೂ ಅದೇ ಕಡೆ ಅದೇ ವೇಗದಲ್ಲಿ ತಿರುಗಿಸಬೇಕು, ಅಷ್ಟೇ ಅಲ್ವಾ? ಆಕಾಶ ನೋಡುವ ಹವ್ಯಾಸಿಗಳು ಎರಡು ಹಲಗೆಗೆ ಬಾಗಿಲ ಕೀಲು ಹಾಕಿ, ಮೇಲೆ ಕ್ಯಾಮೆರಾ ಕೂರಿಸಿ, ಸ್ಕ್ರೂ ತಿರುಗಿಸುತ್ತ ನಕ್ಷತ್ರದ ಓಟಕ್ಕೆ ತಕ್ಕಂತೆ ಅದನ್ನು ಸರಿಸುತ್ತಾರೆ. ಪೆಟಿಟ್ ನಿಲ್ದಾಣದಲ್ಲಿ ಬಿದ್ದಿದ್ದ ಸಾಮಾನಿನಿಂದಲೇ ಅಂಥದ್ದೊಂದನ್ನು ಜೋಡಿಸಿದರು. ಐಮ್ಯಾಕ್ಸ್ ಕ್ಯಾಮೆರಾ ಕೂರಿಸುವ ಭಾಗ, ಒಂದು ಬೋಲ್ಟು, ಅದನ್ನು ತಿರುಗಿಸಲು ಬ್ಯಾಟರಿ ಡ್ರಿಲ್ ಮಷಿನ್. ಡ್ರಿಲ್ಲಿನ ಗುಂಡಿಯನ್ನು ಬೆರಳಲ್ಲಿ ಹದವಾಗಿ ಒತ್ತುತ್ತ ಊರನ್ನು ಚೌಕಟ್ಟಿನೊಳಗೆ ಹಿಡಿದಿಡುವುದು. ಗೆರೆಗಳು ಬೀದಿಗಳಾದವು.

ಆಮೇಲೆ ಅನುಕೂಲಗಳು ಒಂದೊಂದಾಗಿ ಬಂದವು. 2010ರ ಫೆಬ್ರವರಿಯಲ್ಲಿ ನಿಲ್ದಾಣಕ್ಕೆ ಏಳು ಕಿಟಕಿಗಳ ಗುಮ್ಮಟದಂಥ ಕೋಣೆ, ಕ್ಯುಪೋಲಾ, ಸೇರಿತು. ನಿಕಾನ್ ಡಿ3ಎಸ್‌ನಂಥ ಕ್ಯಾಮೆರಾಗಳು ಕತ್ತಲೆಯಲ್ಲೂ ಚುರುಕಾಗಿ ಕೆಲಸ ಮಾಡತೊಡಗಿದವು. 2012ರಲ್ಲಿ ಯುರೋಪಿನವರು ನೆಲದ ಓಟಕ್ಕೆ ತಕ್ಕಂತೆ ತಾನೇ ತಿರುಗುವ ಕ್ಯಾಮೆರಾ ಸ್ಟ್ಯಾಂಡ್ ನೈಟ್‌ಪಾಡ್ ಕಳಿಸಿದರು. ಆದರೂ ಒಳಗಿನ ದೀಪ ಗಾಜಿನಲ್ಲಿ ಹೊಳೆಯದ ಹಾಗೆ ಕಪ್ಪು ಬಟ್ಟೆ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ಕ್ಲಿಕ್ಕಿಸುವುದು ತಪ್ಪಿಲ್ಲ.

ಚಿತ್ರ ಸ್ಪಷ್ಟವಾದ ಮೇಲೆ ಊರುಗಳ ಕಥೆ ಹೊರಗೆ ಬಂತು. ಬರ್ಲಿನ್ ಗೋಡೆ ಬಿದ್ದು ಇಪ್ಪತ್ತು ವರ್ಷ ಕಳೆದರೂ ಪೂರ್ವ ಭಾಗ ಕಿತ್ತಳೆ, ಪಶ್ಚಿಮ ಭಾಗ ಬಿಳಿ. ಕಾರಣ ಬೀದಿ ದೀಪದ ಜಾತಿ. 2011ರ ಆಗಸ್ಟ್‌ನ ಒಂದು ಚಿತ್ರದಲ್ಲಿ ಭಾರತ ಪಾಕಿಸ್ತಾನದ ಗಡಿ ಕಿತ್ತಳೆ ಬಣ್ಣದ ದಾರದ ಹಾಗೆ ಹರಿದಿದೆ, ಅದು ಬೇಲಿಯ ಫ್ಲಡ್‌ಲೈಟು. ಇಟಲಿಯ ಮಿಲಾನ್‌ನ 2012ರ ಮತ್ತು 2015ರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಊರಿನ ನಡುಭಾಗ ಕಿತ್ತಳೆಯಿಂದ ಬೆಳ್ಳಗಾಗಿದೆ. ಎಲ್‌ಇಡಿ ಬಂದಿತ್ತು. ಮಾಮೂಲಿ ರಾತ್ರಿ ಉಪಗ್ರಹಗಳು ಎಷ್ಟು ಬೆಳಕಿದೆ ಅಂತ ಚೆನ್ನಾಗಿ ಅಳೆಯುತ್ತವೆ, ಬಣ್ಣ ತೋರಿಸುವುದಿಲ್ಲ. ಅದಕ್ಕೇ ಗಗನಯಾತ್ರಿ ಕೈಯಲ್ಲಿ ಹಿಡಿದು ತೆಗೆದ ಫೋಟೋಗೆ ವಿಜ್ಞಾನಿಗಳ ಹತ್ತಿರ ಇಷ್ಟು ಬೆಲೆ.

ನಮ್ಮವರಲ್ಲಿ 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನಿಲ್ದಾಣ ಸಲ್ಯೂಟ್ 7ರಿಂದ ಭಾರತದ ನೆಲದ ಚಿತ್ರ ತೆಗೆದಿದ್ದರು. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣ ಸೇರಿದರು. ಅವರ ರಾತ್ರಿ ವಿಡಿಯೋದಲ್ಲಿ ಹಿಂದೂ ಮಹಾಸಾಗರದಿಂದ ಪೂರ್ವ ಕರಾವಳಿ ಹಿಡಿದು ಉತ್ತರಕ್ಕೆ ಹೋಗುತ್ತ, ಮೋಡದೊಳಗೆ ಮಿಂಚು ನೇರಳೆಯಾಗಿ ಹೊಳೆಯುತ್ತದೆ. ಮುಂಗಾರಿನ ಕಾಲ ನೋಡಿ. ಸ್ವಂತ ಊರು ಕಾಣಲು ಅದೃಷ್ಟವೂ ಬೇಕು. ನಿಲ್ದಾಣ ಒಂದು ಸುತ್ತು ಮುಗಿಸುವ ಒಂದೂವರೆ ಗಂಟೆಯಲ್ಲಿ ಭೂಮಿ ತಿರುಗಿ, ನಮ್ಮೂರು ಸುಮಾರು ಎರಡೂವರೆ ಸಾವಿರ ಕಿಲೋಮೀಟರ್ ಪೂರ್ವಕ್ಕೆ ಜರುಗಿರುತ್ತದೆ.

ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ಭಾರತದ ಸ್ವಂತ ಯೋಜನೆ ಗಗನಯಾನಕ್ಕೆ ತಯಾರಾಗುತ್ತಿರುವವರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅವರು ಮೇಲಿಂದ ನೋಡುವಾಗ ನಾವು ಹೇಗೆ ಕಾಣಬೇಕು? 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಸಿಟಿ ಮಾರ್ಕೆಟ್ ಬಳಿ ಬೀದಿ ದೀಪ ಹೊತ್ತಿಸಿಕೊಂಡ ಊರು ಇದು. ಬೆಳಕೆಂದರೆ ನಮಗೆ ಹೆಮ್ಮೆ. ಆದರೆ ಮೇಲಿನ ಕ್ಯಾಮೆರಾಗೆ ಸಿಗುವ ಬೆಳಕಲ್ಲಿ ರಸ್ತೆಗೆ ಬಿದ್ದು ಚಿಮ್ಮಿದ್ದು ಸ್ವಲ್ಪ ಇದ್ದರೆ, ಯಾರ ಕಾಲಡಿಗೂ ಬೀಳದೆ ನೇರ ಆಕಾಶಕ್ಕೆ ಸೋರಿಹೋದದ್ದೂ ಸೇರಿರುತ್ತದೆ. ಇಲ್ಲೇ ಪಕ್ಕದ ಹೊಸಕೋಟೆಯಲ್ಲಿ ಕೂತು ವಿಜ್ಞಾನಿಗಳು ಲಡಾಖಿನ ಹಾನ್ಲೆಯ ದೂರದರ್ಶಕವನ್ನು ನಡೆಸುತ್ತಾರೆ. ಅಲ್ಲಿ ಕತ್ತಲೆ ಉಳಿಸಲು ದೀಪಗಳಿಗೆ ಮರೆ ಕಟ್ಟಿದ್ದಾರೆ.

ನಮ್ಮ ಬೀದಿಯ ಪಾರ್ಕಿನಲ್ಲಿ ಗುಂಡಗಿನ ಗಾಜಿನ ದೀಪಗಳಿವೆ. ಕೆಳಗೆ ಬೆಂಚಿನ ಮೇಲೆ ಪೇಪರ್ ಓದಲಾಗುವುದಿಲ್ಲ, ಮೇಲೆ ತೆಂಗಿನ ಗರಿ ಮಾತ್ರ ಹಗಲಿನ ಹಾಗೆ ಬೆಳಗಿರುತ್ತದೆ. ಮುಂದಿನ ಭಾನುವಾರ ಬೀದಿಯವರ ಸಭೆ ಇದೆ. ಆ ದೀಪಗಳಿಗೆ ಮೇಲಿಂದ ಒಂದೊಂದು ಟೋಪಿ ಹಾಕಿಸೋಣ ಅಂತ ಕೇಳಬೇಕೆಂದಿದ್ದೇನೆ.