ಪೋರ್ಟ್‌ಫೋಲಿಯೋ: ಹೊರುವುದಕ್ಕೆ ಆಗುವಷ್ಟು

ಕಳೆದ ವಾರ ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿನ ಹುಡುಗ ಗೆಳೆಯನಿಗೆ ಹೇಳುತ್ತಿದ್ದ: "ನನ್ನ ಪೋರ್ಟ್‌ಫೋಲಿಯೋದಾಗ ನೂರಾ ನಲವತ್ತು ಡೊಮೈನ್ ಅದಾವ. ತಾಳ್ಮೆ ಇದ್ರ ಸಾಕು, ಒಂದಿನ ಹೊಡಿತೈತಿ." ಈ ಮಾತನ್ನು ಈ ವರ್ಷ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸಂಖ್ಯೆ ಬೇರೆ ಬೇರೆ, ಪದಗಳು ಮಾತ್ರ ಇವೇ ಎರಡು: ಪೋರ್ಟ್‌ಫೋಲಿಯೋ, ತಾಳ್ಮೆ. ಎರಡನ್ನೂ ತಪ್ಪಾಗಿ ಬಳಸುತ್ತಾರೆ. ಡೊಮೈನ್ ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರು. ಮುಂದೆ ಹೆಚ್ಚಿನ ಬೆಲೆಗೆ ಮಾರೋಣ ಅಂತ ಇಂಥ ಹೆಸರುಗಳನ್ನು ಕೊಂಡಿಟ್ಟುಕೊಳ್ಳುವ ವ್ಯಾಪಾರ ಒಂದಿದೆ, ಹುಡುಗ ಹೇಳುತ್ತಿದ್ದದ್ದು ಅದನ್ನೇ. ಮೊದಲು ಪದಗಳನ್ನು ಬಿಚ್ಚಿ ನೋಡೋಣ.

ಪೋರ್ಟ್‌ಫೋಲಿಯೋ ಇಟಲಿಯಿಂದ ಬಂದದ್ದು. ಅಲ್ಲಿ ಅದು 'ಪೋರ್ತಾಫೋಲ್ಯೊ'. 'ಪೋರ್ತಾರೆ' ಅಂದರೆ ಹೊರುವುದು, 'ಫೋಲ್ಯೊ' ಅಂದರೆ ಹಾಳೆ. ಹಾಳೆಯ ಹಿಂದೆ ಲ್ಯಾಟಿನ್‌ನ 'ಫೋಲಿಯಂ' ಇದೆ. ಅದರ ಅರ್ಥ ಗಿಡದ ಎಲೆ. ಎಲೆ ಹಾಳೆಯಾದ ಕಥೆ ನಮಗೆ ಹೊಸದಲ್ಲ. ಬಿಲ್ವಪತ್ರೆಯ ಪತ್ರೆಯೂ ಕ್ರಯಪತ್ರದ ಪತ್ರವೂ ಒಂದೇ ಮಾತಿನಿಂದ ಬಂದವು. ತಾಳೆಗರಿಯ ಓಲೆಯೇ ಮುಂದೆ ಕಾಗದದ ಓಲೆಯೂ ಆಯಿತು. ಹಾಗಾಗಿ ಪೋರ್ಟ್‌ಫೋಲಿಯೋ ಅಂದರೆ ಮೊದಲಿಗೆ ಹಾಳೆ ಹೊರುವ ಚೀಲ. ಇಟಲಿಯಲ್ಲಿ ಇವತ್ತಿಗೂ ಜೇಬಿನ ಪರ್ಸಿಗೆ ಇದೇ ಹೆಸರು.

ಮಂತ್ರಿಗಳು ಇಲಾಖೆಯ ಕಾಗದಗಳನ್ನು ಇಂಥ ಚೀಲದಲ್ಲಿ ಒಯ್ಯುತ್ತಿದ್ದರು. ಚೀಲದ ಹೆಸರು ಇಲಾಖೆಗೇ ಅಂಟಿಕೊಂಡಿತು. ನಮ್ಮ ಪತ್ರಿಕೆಗಳು 'ಖಾತೆ ಹಂಚಿಕೆ', 'ಖಾತೆ ಇಲ್ಲದ ಮಂತ್ರಿ' ಅಂತ ಬರೆಯುವುದು ಇದನ್ನೇ. ಷೇರು, ಬಾಂಡುಗಳ ಕಾಗದ ಇಟ್ಟ ಚೀಲದಿಂದ ಹೂಡಿಕೆಯ ಅರ್ಥ ಬಂತು. ಅವಕಾಶ ಕೇಳಿಕೊಂಡು ಹೋಗುವ ಕಲಾವಿದರ ಕೈಯಲ್ಲಿರುವುದೂ ಪೋರ್ಟ್‌ಫೋಲಿಯೋನೇ. ಎಲ್ಲ ಕಡೆಯೂ ಎರಡು ಸಂಗತಿ ಒಂದೇ: ಆರಿಸಿದ ಹಾಳೆಗಳಿವೆ, ಅವನ್ನು ಹೊರುವವನು ಒಬ್ಬನಿದ್ದಾನೆ. ಸಿಕ್ಕಿದ್ದನ್ನೆಲ್ಲ ಸುರಿದುಕೊಂಡ ಗೋಣಿಚೀಲಕ್ಕೆ ಈ ಹೆಸರು ಎಲ್ಲೂ ಇಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಒಂದು ವಸ್ತು ಇತ್ತು, ಕಡತ. ಈಗ ಕಡತ ಅಂದರೆ ಸರಕಾರಿ ಫೈಲು ಅಂದುಕೊಳ್ಳುತ್ತೇವೆ. ಹಳೇ ಕಡತ ಬಟ್ಟೆಯದು. ಹುಣಿಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಕಪ್ಪು ಮೈಮೇಲೆ ಬಳಪದಲ್ಲಿ ಲೆಕ್ಕ ಬರೆಯುವುದು. ಲೆಕ್ಕ ಮುಗಿದರೆ ಒರೆಸಿ ಮತ್ತೆ ಬರೆಯುವುದು. ಆ ಒರೆಸುವ ಗುಣ ನನಗೆ ತುಂಬ ಮುಖ್ಯ ಅನಿಸುತ್ತದೆ. ಡೊಮೈನ್ ವ್ಯಾಪಾರದಲ್ಲಿ ಪೋರ್ಟ್‌ಫೋಲಿಯೋ ಅನ್ನಬೇಕಾದರೆ ಅದು ಕಡತದ ಹಾಗೆ ಇರಬೇಕು. ವರ್ಷಕ್ಕೊಮ್ಮೆ ಒರೆಸದ ಪಟ್ಟಿಯನ್ನು ಆ ಹೆಸರಿನಿಂದ ಕರೆಯಬೇಡಿ.

ಈಗ ಎರಡನೇ ಪದ. ತಾಳ್ಮೆ ಅಂದರೆ ಕಾಯುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 'ತಾಳು, ಬಂದೆ' ಅಂದಾಗ ಆ ಅರ್ಥ ಇದೆ, ನಿಜ. ಆದರೆ 'ನೋವು ತಾಳಲಾರೆ' ಅನ್ನುತ್ತೇವೆ. 'ಈ ಗೋಡೆ ಮಳೆ ತಾಳಲ್ಲ' ಅನ್ನುತ್ತೇವೆ. 'ಬಾಳಿಕೆ ತಾಳಿಕೆ' ನೋಡಿ ಬಟ್ಟೆ ತರುತ್ತೇವೆ. ಅಲ್ಲೆಲ್ಲ ತಾಳುವುದು ಅಂದರೆ ಮೇಲೆ ಬಿದ್ದ ಭಾರವನ್ನು ತಡೆದುಕೊಳ್ಳುವುದು. ಹಿರಿಮೆ, ಒಲುಮೆಯಲ್ಲಿರುವ 'ಮೆ' ಸೇರಿ ತಾಳ್ಮೆ ಆಗಿದೆ. ಭಾರ ಇಲ್ಲದ ಕಡೆ ತಾಳ್ಮೆಯ ಮಾತೇ ಬರುವುದಿಲ್ಲ. ಇಟಲಿಯ ಪದದಲ್ಲೂ ಹೊರುವುದಿದೆ, ನಮ್ಮ ಪದದಲ್ಲೂ ತಡೆದುಕೊಳ್ಳುವುದಿದೆ. ದೋಸೆ ಹೋಟೆಲ್ಲಿನ ಹುಡುಗ ಎರಡರಿಂದಲೂ ಭಾರವನ್ನು ಕಿತ್ತು ಹಾಕಿ ಬರೀ ಕಾಯುವುದನ್ನು ಉಳಿಸಿಕೊಂಡಿದ್ದ.

ಭಾರ ಎಷ್ಟು? ಡೊಮೈನ್ ಹೆಸರನ್ನು ಯಾರೂ ಪೂರ್ತಿಯಾಗಿ ಕೊಳ್ಳುವುದಿಲ್ಲ. ಡಾಟ್ ಕಾಮ್ ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಹಣ ಕಟ್ಟಬಹುದು. ಆಮೇಲೆ ಮತ್ತೆ ಕಟ್ಟಬೇಕು. ಡಾಟ್ ಕಾಮ್‌ನ ಸಗಟು ದರ 2021ರ ಆಗಸ್ಟ್ ತನಕ ವರ್ಷಕ್ಕೆ 7.85 ಡಾಲರ್ ಇತ್ತು. ನಾಲ್ಕು ವರ್ಷ ಒಂದೇ ಸಮ ಏರಿ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಅದರ ಮೇಲೆ ರಿಜಿಸ್ಟ್ರಾರ್‌ನ, ಅಂದರೆ ನಮಗೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಲಾಭ, ಜಿಎಸ್‌ಟಿ. ಹೆಸರೊಂದಕ್ಕೆ 1,200 ರೂಪಾಯಿ ಅಂತ ಇಟ್ಟುಕೊಳ್ಳಿ. 140 ಹೆಸರಿಗೆ ವರ್ಷಕ್ಕೆ 1,68,000. ಐದು ವರ್ಷ ಸುಮ್ನೆ ಇಟ್ಟುಕೊಂಡರೆ 8,40,000.

ಈ ವ್ಯಾಪಾರದಲ್ಲಿ ಪಳಗಿದವರ ಲೆಕ್ಕದ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೆಸರು ಮಾರಾಟವಾದರೆ ಅದೇ ಸರಿ. ಅಂದರೆ 140ರಲ್ಲಿ ಎರಡು ಹೋದವು ಅಂದುಕೊಳ್ಳಿ. ಒಂದೊಂದೂ 84,000 ತಂದರೆ ಆ ವರ್ಷದ ರಿನ್ಯೂವಲ್, ಅಂದರೆ ಹೆಸರುಗಳನ್ನು ಉಳಿಸಿಕೊಳ್ಳಲು ಮತ್ತೆ ಕಟ್ಟುವ ಹಣ ಮಾತ್ರ ಹುಟ್ಟುತ್ತದೆ. ಮಾರಿಕೊಟ್ಟವರ ಕಮಿಷನ್ ಬೇರೆ. ಆ ಹುಡುಗ 15,000ಕ್ಕೆ ಒಂದು ಹೆಸರು ಮಾರಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡ. ಆ ಒಂದು ಹೆಸರಿಗೆ ಅದು ಒಳ್ಳೇ ಲಾಭ. ಪೂರ್ತಿ ಪಟ್ಟಿಗೆ ಅದು ಒಂದು ತಿಂಗಳ ಖರ್ಚಿಗೂ ಸ್ವಲ್ಪ ಜಾಸ್ತಿ, ಅಷ್ಟೆ. ಪೋರ್ಟ್‌ಫೋಲಿಯೋ ಅಂದ ಮೇಲೆ ಲಾಭ ನಷ್ಟವನ್ನು ಚೀಲದ ಲೆಕ್ಕದಲ್ಲಿ ನೋಡಬೇಕು, ಹಾಳೆಯ ಲೆಕ್ಕದಲ್ಲಿ ನೋಡಬಾರದು.

ಮೊದಲ ವರ್ಷ 99 ರೂಪಾಯಿ ಅಂತ ಸಿಗುವ, ಕೊನೆಗೆ ಡಾಟ್ ಕಾಮ್ ಬದಲು ಬೇರೆ ಹೊಸ ಬಾಲ ಇರುವ ಹೆಸರುಗಳ ಬಗ್ಗೆ ಒಂದೇ ಮಾತು: ಎರಡನೇ ವರ್ಷದ ದರ ನೋಡದೆ ಕೊಳ್ಳಬೇಡಿ.

ತಾಳ್ಮೆಯ ವಿಷಯ ಬಂದಾಗಲೆಲ್ಲ 'ವಾಯ್ಸ್ ಡಾಟ್ ಕಾಮ್' ಉದಾಹರಣೆ ಎತ್ತುತ್ತಾರೆ. ಮೈಕ್ರೋಸ್ಟ್ರಾಟಜಿ ಕಂಪನಿ ಅದನ್ನು 2019ರಲ್ಲಿ 3 ಕೋಟಿ ಡಾಲರ್‌ಗೆ ಮಾರಿತು. ಸರಿಯೇ. ಆದರೆ ಆ ಕಂಪನಿಯ ಕಸುಬು ಆಗ ಸಾಫ್ಟ್‌ವೇರ್ ಆಗಿತ್ತು. ವರ್ಷಕ್ಕೆ ಕೆಲವು ಡಾಲರ್ ಕಟ್ಟಿ ಹೆಸರು ಉಳಿಸಿಕೊಳ್ಳುವುದು ಅವರಿಗೆ ಭಾರವೇ ಆಗಿರಲಿಲ್ಲ. ಹೆಸರೋ, ಇಂಗ್ಲಿಷ್ ಓದುವ ಯಾರಿಗಾದರೂ ಒಂದೇ ಸಲಕ್ಕೆ ತಿಳಿಯುವ ಒಂದು ಪದ. ಅಂಥ ಹೆಸರಿಗೆ ಕಾಯುವುದು ಬೇರೆ, ಮೂರು ಪದ ಅಂಟಿಸಿ ನಡುವೆ ಗೆರೆ ಹಾಕಿದ ಹೆಸರಿಗೆ ಕಾಯುವುದು ಬೇರೆ. ಎರಡನ್ನೂ ತಾಳ್ಮೆ ಅಂದರೆ ಪದಕ್ಕೆ ಬೆಲೆ ಉಳಿಯುವುದಿಲ್ಲ. ಎರಡನೆಯದಕ್ಕೆ ನಮ್ಮಲ್ಲಿ 'ಹಠ' ಅನ್ನುವ ಪದ ಇದೆ.

ಕನ್ನಡದ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಪದಗಳಿಗೆ ಒಂದೇ ಕಾಗುಣಿತ ಇಲ್ಲ. ದಾವಣಗೆರೆಯನ್ನೇ ತೆಗೆದುಕೊಳ್ಳಿ. ನಡುವೆ 'ಎ' ಹಾಕಿ ಬರೆಯುವವರೂ ಇದ್ದಾರೆ, ಹಾಕದೆ ಬರೆಯುವವರೂ ಇದ್ದಾರೆ. ಎರಡೂ ಬೋರ್ಡುಗಳ ಮೇಲೆ ಕಾಣುತ್ತವೆ. ಅಡಿಕೆಗೆ ಒಬ್ಬರು 'ಡಿ' ಆದಮೇಲೆ 'ಐ' ಹಾಕುತ್ತಾರೆ, ಇನ್ನೊಬ್ಬರು 'ಎ' ಹಾಕುತ್ತಾರೆ. ಫೋನಿನಲ್ಲಿ ಹೆಸರು ಹೇಳಿದಾಗ ಎದುರಿನವರು ಕೇಳದೆ ಸರಿಯಾಗಿ ಬರೆದುಕೊಳ್ಳುತ್ತಾರಾ? ಬರೆದುಕೊಂಡರೆ ಆ ಹೆಸರನ್ನು ಹೊರಬಹುದು. ಎರಡು ಕಾಗುಣಿತವನ್ನೂ ಕೊಂಡರೆ ಭಾರ ಎರಡು ಪಟ್ಟು, ಕೊಳ್ಳುವವನು ಮಾತ್ರ ಒಬ್ಬನೇ.

ಬೇರೆಯವರ ಬ್ರ್ಯಾಂಡಿನ ಹೆಸರು ಹಿಡಿದಿಟ್ಟುಕೊಂಡು ಅದನ್ನೂ ಪೋರ್ಟ್‌ಫೋಲಿಯೋ ಅನ್ನುವವರಿದ್ದಾರೆ. ಅದು ತಗಾದೆಯ ಮೂಟೆ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಇದೆ ಅಂತ ಹೇಳಿದೆ. ಅಂಥ ಹೆಸರನ್ನು ಎಷ್ಟು ವರ್ಷ ಇಟ್ಟುಕೊಂಡರೂ ಅದು ಮಾಗುವುದಿಲ್ಲ.

ಹಾಗಾದರೆ ಹೇಗೆ ಆರಿಸಬೇಕು? ಚನ್ನಗಿರಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡಿಕೆಯನ್ನು ಅವರು ಒಟ್ಟಿಗೆ ಸುರಿದು ಬೆಲೆ ಕೇಳುವುದಿಲ್ಲ. ಮೇಲಿನ ದರ್ಜೆಯ ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಕೊನೇ ದರ್ಜೆಯ ಗೊರಬಲು ಬೇರೆ. ಸರಕನ್ನು ಇಟ್ಟುಕೊಂಡು ಕಾಯುವುದಕ್ಕೆ ಅರ್ಥ ಇದೆ. ಗೊರಬಲನ್ನು ಒಳ್ಳೇ ರೇಟು ಬರಲಿ ಅಂತ ವರ್ಷಗಟ್ಟಲೆ ಗೋದಾಮಿನಲ್ಲಿ ಇಟ್ಟರೆ ಬಾಡಿಗೆಯೇ ಮಾಲನ್ನು ತಿನ್ನುತ್ತದೆ. ಡೊಮೈನ್‌ನಲ್ಲೂ ಹೀಗೆಯೇ. ನಾಲ್ಕು ಒಳ್ಳೇ ಹೆಸರಿಗೆ ಹತ್ತು ವರ್ಷ ತಾಳಬೇಕು, ಬೆಲೆಗೂ ಗಟ್ಟಿಯಾಗಿ ನಿಲ್ಲಬೇಕು. ನಡುವಿನ ಹೆಸರುಗಳನ್ನು ಸಿಕ್ಕಿದ ನ್ಯಾಯವಾದ ಬೆಲೆಗೆ ಕೊಟ್ಟು, ಆ ಹಣದಲ್ಲಿ ಮೇಲಿನವುಗಳ ರಿನ್ಯೂವಲ್ ಕಟ್ಟಬೇಕು. ಕೊನೆಯವನ್ನು ಬಿಡಬೇಕು. ಹೀಗೆ ಒಂದು ಇನ್ನೊಂದನ್ನು ಹೊರುವಂತೆ ಜೋಡಿಸಿದ್ದೇ ಪೋರ್ಟ್‌ಫೋಲಿಯೋ.

ಚಿತ್ರದುರ್ಗದಲ್ಲಿ ನನಗೆ ಗೊತ್ತಿರುವ ಮೇಷ್ಟ್ರೊಬ್ಬರು ಇದನ್ನು ಸರಿಯಾಗಿ ಮಾಡುತ್ತಾರೆ. ಅವರ ಬಳಿ ಇರುವುದು 31 ಹೆಸರು, ಒಂದು ಇನ್ನೂರು ಪುಟದ ನೋಟ್‌ಬುಕ್. ನಾಲ್ಕು ಕಾಲಂ: ಹೆಸರು, ಮುಗಿಯುವ ತಾರೀಖು, ಇಲ್ಲಿವರೆಗೆ ಕಟ್ಟಿದ ಒಟ್ಟು ಹಣ, ಯಾರು ಕೊಳ್ಳಬಹುದು. ನಾಲ್ಕನೇ ಕಾಲಂನಲ್ಲಿ ಕನಿಷ್ಠ ಮೂರು ಬಗೆಯ ವ್ಯಾಪಾರ ಬರೆಯುವುದಕ್ಕೆ ಆಗದಿದ್ದರೆ ಆ ಹೆಸರು ಕೊಳ್ಳುವುದೇ ಇಲ್ಲ. ತಾರೀಖು, ಹಣ ಎಲ್ಲ ಪೆನ್ನಿನಲ್ಲಿ. ಹೆಸರು ಮಾತ್ರ ಪೆನ್ಸಿಲ್‌ನಲ್ಲಿ.

ಡಿಸೆಂಬರ್‌ನಲ್ಲಿ ಅವರ ಮನೆಗೆ ಹೋಗಿದ್ದಾಗ ಪಟ್ಟಿ ಒರೆಸುವ ಕೆಲಸಕ್ಕೇ ಕೂತಿದ್ದರು. ಮೆಕ್ಕೆಜೋಳಕ್ಕೆ ಸಂಬಂಧಿಸಿದ ಒಂದು ಹೆಸರಿನ ಮೇಲೆ ರಬ್ಬರ್ ಇಟ್ಟರು. ಒಂಬತ್ತು ವರ್ಷ ಇಟ್ಟುಕೊಂಡಿದ್ದ ಹೆಸರು.

"ಈಗ ಬಿಟ್ರೆ ಬೇರೆ ಯಾರಾದ್ರೂ ಹಿಡೀತಾರಲ್ವಾ ಮೇಷ್ಟ್ರೇ?" ಅಂದೆ.

"ತಕ್ಷಣ ಸಿಗಲ್ಲ ಬಿಡಿ. ಮುಗಿದ ಮೇಲೆ ಹೆಚ್ಚಂದ್ರೆ 45 ದಿನ ರಿಜಿಸ್ಟ್ರಾರ್ ಹತ್ರ ಇರುತ್ತೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸ್ಕೋಬಹುದು. ಕೊನೇಗೆ 5 ದಿನ ಯಾರೂ ಮುಟ್ಟೋ ಹಾಗಿಲ್ಲ. ಅಷ್ಟರಲ್ಲಿ ಯಾರಾದ್ರೂ ಕೇಳ್ಕೊಂಡು ಬಂದ್ರೆ ನೋಡೋಣ."

"ಬರಬಹುದಾ?"

"ಒಂಬತ್ತು ವರ್ಷದಲ್ಲಿ ಒಬ್ಬರೂ ಬರಲಿಲ್ಲ" ಅಂದರು. ಒರೆಸಿದರು, ರಬ್ಬರಿನ ಪುಡಿಯನ್ನು ಊದಿದರು. ಆ ಸಾಲಿನಲ್ಲಿ ಹೊಸ ಹೆಸರು ಬರೆಯಲಿಲ್ಲ.