ಆಷಾಢದಲ್ಲಿ ಬಾಯಿ ಮುಚ್ಚಿಸಿದ ಫ್ಯಾನು

ಜೂನ್ ಮುಗಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆಯಿಂದ ನನಗೆ ಒಂದೇ ಥರದ ಫೋನ್ ಬರಲು ಶುರುವಾಗುತ್ತದೆ. ಲೈನ್ ಮೇಲೆ ಮರ ಬಿದ್ದಿರುತ್ತದೆ, ಎರಡು ದಿನದಿಂದ ಕರೆಂಟು ಬಂದು ಹೋಗಿ ಮಾಡುತ್ತಿರುತ್ತದೆ. ಮಳೆಯ ಸದ್ದಿನಲ್ಲಿ ಕೇಳದ ಇನ್ವರ್ಟರ್ ಫ್ಯಾನು, ರಾತ್ರಿ ಮಳೆ ಬಿಟ್ಟ ಗಳಿಗೆಯಲ್ಲಿ ಕಿವಿ ಕೊರೆಯುತ್ತದೆ. "ಸಾರ್, ಅದರ ಬಾಯಿ ಮುಚ್ಚಿಸೋಕೆ ಏನಾದ್ರೂ ಮಾಡಿ." ಮಾಡಬಹುದು. ಹಾಸನದಲ್ಲಿ ಅಂಗಡಿ ಇಟ್ಟು ಇಷ್ಟು ವರ್ಷ ಅದನ್ನೂ ಮಾಡಿಕೊಂಡೇ ಬಂದಿದ್ದೇನೆ. ನನ್ನ ತಕರಾರು ಫೋನ್ ಮಾಡುವ ಮೊದಲೇ ತಾವೇ ಮಾಡಿ ಮುಗಿಸಿದವರ ಮೇಲೆ.

ಸಕಲೇಶಪುರದ ಹತ್ತಿರ ಒಂದು ತೋಟದ ಮನೆ. ಗೌಡರ ಅಳಿಯ ಓದಿದ ಹುಡುಗ, ಕೈಯಲ್ಲಿ ಕೆಲಸವೂ ಇದೆ. ಫ್ಯಾನಿನ ವೈರಿಗೆ ಕರೆಂಟು ತಡೆಯುವ ಒಂದು ರೆಸಿಸ್ಟರ್ ಸೇರಿಸಿ ವೇಗ ಅರ್ಧಕ್ಕೆ ಇಳಿಸಿದ. ಒಂದು ಗಂಟೆ ಓಡಿಸಿ ಡಬ್ಬಿ ಮುಟ್ಟಿ ನೋಡಿದ್ದಾರೆ, ತಣ್ಣಗಿದೆ. ಆಷಾಢ ಕಳೆಯಿತು, ದೀಪಾವಳಿ ಕಳೆಯಿತು. ಯುಗಾದಿ ಆದ ವಾರ ಮನೆ ತುಂಬ ನೆಂಟರು, ಎಲ್ಲ ರೂಮಿನಲ್ಲೂ ಫ್ಯಾನು, ಟಿವಿ. ಸಂಜೆ ಸುಟ್ಟ ವಾಸನೆ. "ಒಂಬತ್ತು ತಿಂಗಳು ಓಡಿದೆಯಲ್ಲ, ಶಬ್ದ ಕಮ್ಮಿ ಮಾಡಿದ್ದಕ್ಕೆ ಸುಟ್ಟಿದ್ದು ಅಂತ ಹೆಂಗೆ ಹೇಳ್ತೀರಿ?" ಅಂದರು ಗೌಡರು.

ಹೀಗೆ, ಗೌಡ್ರೇ. ಬಚ್ಚಲ ಹಂಡೆಗೆ ಅಷ್ಟೇ ಸೌದೆ ಹಾಕಿ. ಮಾಗಿಯ ನೀರೂ ಬೇಸಿಗೆಯ ನೀರೂ ಒಂದೇ ಹದಕ್ಕೆ ಕಾಯುವುದಿಲ್ಲ, ಏಕೆಂದರೆ ಬೆಂಕಿ ಕೊಡುವುದು ಏರಿಕೆಯನ್ನು ಮಾತ್ರ. ಇನ್ವರ್ಟರ್ ಒಳಗೆ ಕರೆಂಟನ್ನು ಸ್ವಿಚ್ಚಿನಂತೆ ಹಾಕಿ ತೆಗೆಯುವ ಮಾಸ್ಫೆಟ್‌ಗಳೂ ಹಾಗೆಯೇ. ಒಂದು ಲೋಡಿಗೆ, ಒಂದು ಫ್ಯಾನ್ ವೇಗಕ್ಕೆ, ಅವುಗಳ ಶಾಖ ಹೀರುವ ರೆಕ್ಕೆ ರೆಕ್ಕೆಯ ಲೋಹದ ತುಂಡು, ಅಂದರೆ ಹೀಟ್ ಸಿಂಕ್, ಕೋಣೆಗಿಂತ 50 ಡಿಗ್ರಿ ಮೇಲೇರುತ್ತದೆ ಅಂತಿಟ್ಟುಕೊಳ್ಳಿ. ಜುಲೈನಲ್ಲಿ ಕೋಣೆ 21, ಹೀಟ್ ಸಿಂಕ್ 71. ಏಪ್ರಿಲ್‌ನಲ್ಲಿ ಕೋಣೆ 34, ಆಗ 84. ಕಣ್ಣಿಗೆ ಕಾಣಬಾರದು ಅಂತ ಕಪಾಟಿನೊಳಗೆ ಇಟ್ಟಿದ್ದೀರಿ, ಅಲ್ಲಿನ ಗಾಳಿಯೇ 42 ಆಗಿದ್ದರೆ 92. ಇಲ್ಲಿಗೂ ನಿಲ್ಲುವುದಿಲ್ಲ. ಮಾಸ್ಫೆಟ್ ಬಿಸಿಯಾದಷ್ಟೂ ಅದರ ಒಳರೋಧ ಹೆಚ್ಚುತ್ತದೆ, 25ರಿಂದ 100 ಡಿಗ್ರಿಗೆ ಹೋಗುವಷ್ಟರಲ್ಲಿ ಸಾಮಾನ್ಯವಾಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅಷ್ಟೇ ಕರೆಂಟಿಗೆ ಇನ್ನಷ್ಟು ಶಾಖ. ಹಾಗಾಗಿ ಆ 50 ಕೂಡ 50 ಆಗಿ ಉಳಿಯುವುದಿಲ್ಲ. ಪಕ್ಕದಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳ ಆಯಸ್ಸು ಬಿಸಿ ಏರುವ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನುವುದು ನಮ್ಮ ಕಸುಬಿನ ಒರಟು ಲೆಕ್ಕ. ಹೊರಗಿನ ತಗಡು ಮುಟ್ಟಿದರೆ ಇದು ಯಾವುದೂ ತಿಳಿಯುವುದಿಲ್ಲ. ಮಲೆನಾಡಿನಲ್ಲಿ ಫ್ಯಾನಿನ ಶಬ್ದ ಕಾಡುವುದು ಮಳೆಗಾಲದಲ್ಲಿ, ಆಗ ಯಾರು ಏನು ಮಾಡಿದರೂ ಸರಿಯಾಗಿದೆ ಅನ್ನಿಸುತ್ತದೆ. ಇದನ್ನು ನಾನು ವರ್ಷಕ್ಕೆ ಹತ್ತು ಮನೆಯಲ್ಲಾದರೂ ಹೇಳುತ್ತೇನೆ.

ಅಳಿಯನ ಯೋಚನೆ ಪೂರ್ತಿ ತಪ್ಪಲ್ಲ, ಅದನ್ನೂ ಹೇಳಬೇಕು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಶಬ್ದ ಸುಮಾರು 15 ಡೆಸಿಬಲ್ ಇಳಿಯುತ್ತದೆ, ಗಾಳಿ ಇಳಿಯುವುದು ಅರ್ಧ ಮಾತ್ರ. ಒಳ್ಳೆಯ ವ್ಯಾಪಾರವೇ. ಕಳೆದುಕೊಂಡ ಆ ಅರ್ಧ ಗಾಳಿಯನ್ನು ಬೇರೆ ಕಡೆಯಿಂದ ತುಂಬಿಕೊಡಬೇಕು, ಅಷ್ಟೇ. 80 ಮಿಲಿಮೀಟರ್ ಫ್ಯಾನಿನ ಜಾಗದಲ್ಲಿ 120ರದ್ದು ಕೂರುವುದಾದರೆ, ಅದು ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಅಷ್ಟೇ ಗಾಳಿ ತಳ್ಳುತ್ತದೆ. ಆದರೆ ಹೀಟ್ ಸಿಂಕಿನ ರೆಕ್ಕೆಗಳು ತೀರ ಇಕ್ಕಟ್ಟಾಗಿದ್ದರೆ ನಿಧಾನದ ಫ್ಯಾನಿಗೆ ಒತ್ತಡ ಸಾಲುವುದಿಲ್ಲ. ಪೆಟ್ಟಿಗೆ ಬಿಚ್ಚಿ ನೋಡದೆ ನಾನು ಹೂಂ ಅನ್ನುವುದಿಲ್ಲ.

ಎಷ್ಟೋ ಸಲ ಹೊಸ ಫ್ಯಾನೇ ಬೇಕಾಗುವುದಿಲ್ಲ. ಫ್ಯಾನಿನ ರೆಕ್ಕೆಗೆ ತಾಗಿದಂತಿರುವ ತಗಡಿನ ಜಾಲರಿ ತೆಗೆದು ಸ್ವಲ್ಪ ದೂರಕ್ಕೆ ತಂತಿಯ ಜಾಲರಿ ಹಾಕಿದರೆ ಆ ಶಿಳ್ಳೆ ಅರ್ಧ ಹೋಗುತ್ತದೆ. ಮರದ ಶೆಲ್ಫು ತಾನೇ ಗುಂಯ್ ಅನ್ನುತ್ತಿದ್ದರೆ ಕೆಳಗೆ ರಬ್ಬರ್. ಧೂಳು, ಜೇಡರ ಬಲೆ, ಒಮ್ಮೆ ಸತ್ತ ಹಲ್ಲಿ. ಇನ್ನು ಕೆಲವರು ಫ್ಯಾನು ಅಂತ ಬೈಯುವುದು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದನ್ನು, ಅದಕ್ಕೆ ಫ್ಯಾನು ಕಿತ್ತರೆ ಏನು ಪ್ರಯೋಜನ? "ಕರೆಂಟು ಬಂತಲ್ಲ, ಈಗ್ಯಾಕೆ ಇನ್ನೂ ಜೋರು?" ಅಂತ ಕೇಳುವ ಅಮ್ಮನವರಿಗೆ: ಖಾಲಿಯಾದ ಬ್ಯಾಟರಿ ತುಂಬುವಾಗಲೂ ಇನ್ವರ್ಟರ್ ಬಿಸಿಯಾಗುತ್ತದಮ್ಮ, ಬಿಡಿ, ಓಡಲಿ.

ನೀವೇ ಬಿಚ್ಚಲು ಹೊರಟರೆ ಮೇನ್ಸ್ ಪ್ಲಗ್ ಮತ್ತು ಬ್ಯಾಟರಿ ಎರಡನ್ನೂ ತೆಗೆಯಿರಿ, ಬೆರಳಿನ ಉಂಗುರವನ್ನೂ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಉಂಗುರದ ಮೂಲಕ ಶಾರ್ಟ್ ಆದರೆ ಬೆರಳು ಸುಡುತ್ತದೆ. ವಾರಂಟಿ ಇದ್ದರೆ ಮುಟ್ಟಲೇಬೇಡಿ.

ಈ ಮಳೆಗಾಲ ಮೂಡಿಗೆರೆಯ ಒಬ್ಬರಿಗೆ 120ರ ಫ್ಯಾನು ಕೂರಿಸಿ ಬಂದೆ. ಮನೆಯವರಿಗೆ ಖುಷಿ, ಕಾಫಿ ಕೊಟ್ಟು ಬಿಲ್ ಎಷ್ಟು ಅಂದರು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಬಂದು, ಪೂರ್ತಿ ಲೋಡ್ ಹಾಕಿ ಒಂದು ಗಂಟೆ ಬಿಟ್ಟು, ಹೀಟ್ ಸಿಂಕಿಗೆ ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ ಹೇಳ್ತೀನಿ ಅಂದಿದ್ದೇನೆ.