ಮಾತ್ರೆ ಇಲ್ಲದ ಕಾಲದಲ್ಲಿ ಟಿಬಿ

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಬರ್ಮಂಡ್ಸಿ ಅಂತ ಲಂಡನ್ನಿನ ಒಂದು ಭಾಗ. 1920ರ ದಶಕದಲ್ಲಿ ಅಲ್ಲಿ ಹಡಗುಕಟ್ಟೆ, ಬಿಸ್ಕೆಟ್ ಫ್ಯಾಕ್ಟರಿ, ಚರ್ಮ ಹದ ಮಾಡುವ ನಾತ. ಎಷ್ಟೋ ಸಂಸಾರಗಳಿಗೆ ಇದ್ದದ್ದು ಒಂದೋ ಎರಡೋ ಕೋಣೆ. ಟಿಬಿ ಹರಡೋಕೆ ಇನ್ನೇನು ಬೇಕು?

ಔಷಧಿಯಂತೂ ಇರಲಿಲ್ಲ. ಟಿಬಿಗೆ ನಾಟಿದ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅಲ್ಲಿಯವರೆಗೆ ರೋಗಿಯನ್ನು ಬೇಗ ಹುಡುಕುವುದು, ಬೇರೆಯವರಿಗೆ ಅಂಟದ ಹಾಗೆ ನೋಡಿಕೊಳ್ಳುವುದು, ಇಷ್ಟೇ ದಾರಿ.

ಹುಡುಕಾಟ ಕಫದಿಂದ ಶುರು. ಗಾಜಿನ ಸ್ಲೈಡಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಬೇಕು. ಆಮೇಲೆ ಆಸಿಡ್‌ನಲ್ಲಿ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಮೇಣದಂಥ ಹೊದಿಕೆ ಇದೆ, ಅದು ಮಾತ್ರ ಬಣ್ಣ ಬಿಡುವುದಿಲ್ಲ. ಕೊನೆಗೆ ನೀಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಬಹಳ ಕಾಲ ನಡೆದದ್ದು ಇದೇ ಪರೀಕ್ಷೆ.

ರೋಗ ಖಚಿತವಾದರೆ ವೈದ್ಯರು ಹೆಸರು, ವಿಳಾಸವನ್ನು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕಿತ್ತು. 1913ರಿಂದ ಎಲ್ಲ ಬಗೆಯ ಕ್ಷಯಕ್ಕೂ ಈ ಕಾನೂನು ಬಂತು. ಆಮೇಲೆ ನರ್ಸ್ ಮನೆ ಬಾಗಿಲಿಗೆ ಬರುತ್ತಿದ್ದರು. ರೋಗಿ ಯಾರ ಪಕ್ಕ ಮಲಗುತ್ತಾರೆ? ಕಿಟಕಿ ತೆಗೆದಿಡುತ್ತೀರಾ? ಮನೆಯಲ್ಲಿ ಇನ್ಯಾರಿಗೆ ಕೆಮ್ಮು? ಮನೆಮಂದಿಯನ್ನೂ ಡಿಸ್ಪೆನ್ಸರಿಗೆ ಕರೆದು ಪರೀಕ್ಷಿಸುವ ಈ ಪದ್ಧತಿಯನ್ನು ರೂಢಿಗೆ ತಂದವರು ಎಡಿನ್‌ಬರೋದ ರಾಬರ್ಟ್ ಫಿಲಿಪ್. ಅವರ ಡಿಸ್ಪೆನ್ಸರಿ ಶುರುವಾಗಿದ್ದು 1887ರಲ್ಲಿ.

ಕಾಗದದ ಮೇಲೆ ಚೆನ್ನಾಗೇ ಇದೆ, ಅಲ್ವಾ? ಆದರೆ ಹೆಸರು ಪಟ್ಟಿಗೆ ಸೇರಿದರೆ ಕೆಲಸಕ್ಕೇ ಸಂಚಕಾರ. ಜನ ಕೆಮ್ಮು ಮುಚ್ಚಿಟ್ಟುಕೊಂಡೇ ದುಡಿಯುತ್ತಿದ್ದರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಷ್ಟೋ ಜನರ ರೋಗ ಕೈಮೀರಿರುತ್ತಿತ್ತು.

ಬರ್ಮಂಡ್ಸಿ ಕೌನ್ಸಿಲ್ ಸುಮ್ನೆ ಕೂರಲಿಲ್ಲ. ವ್ಯಾನಿನಲ್ಲಿ ಬೀದಿ ಬೀದಿಗೆ ಹೋಗಿ ಆರೋಗ್ಯದ ಸಿನಿಮಾ ತೋರಿಸಿತು. ಕೆಲವು ರೋಗಿಗಳನ್ನು ಸ್ವಿಟ್ಜರ್ಲೆಂಡಿನ ಲೇಸಾಂಗೆ ಬಿಸಿಲು ಚಿಕಿತ್ಸೆಗೆ ಕಳಿಸಿತು. 1926ರಲ್ಲಿ ತನ್ನದೇ ಬೆಳಕು ಚಿಕಿತ್ಸಾಲಯ ತೆರೆಯಿತು. ಕಪ್ಪು ಕನ್ನಡಕ ಹಾಕಿಕೊಂಡು ದೀಪದ ಸುತ್ತ ಕೂತ ಮಕ್ಕಳು ಫೋಟೋಕ್ಕೆ ಚೆಂದ. ಆದರೆ ದೀಪ ಕೆಲಸ ಮಾಡುತ್ತಿದ್ದದ್ದು ಹೆಚ್ಚಾಗಿ ಚರ್ಮದ ಕ್ಷಯಕ್ಕೆ. ಊರಿಗೆಲ್ಲ ಹರಡುವ ಶ್ವಾಸಕೋಶದ ಕ್ಷಯಕ್ಕೆ ಅದರಿಂದ ಹೆಚ್ಚೇನೂ ಆಗಲಿಲ್ಲ.

ನನ್ನ ಕೇಳಿದರೆ, ಆ ಕಾಲದ ಜಾಣ ಉಪಾಯ ಎರವಲು ಮಂಚ. ರೋಗಿ ಒಂಟಿಯಾಗಿ ಮಲಗಲಿ ಅಂತ ಹಲವು ಕಡೆ ಸ್ಥಳೀಯ ಆಡಳಿತಗಳೇ ಮಂಚ, ಹಾಸಿಗೆ ಕೊಡುತ್ತಿದ್ದವು. ಆದರೆ ಅದನ್ನು ಹಾಕುವುದಕ್ಕೆ ಜಾಗ? ಪ್ರಶ್ನೆ ಕೊನೆಗೆ ಮನೆಗೇ ಬಂದು ನಿಲ್ಲುತ್ತಿತ್ತು. ಬರ್ಮಂಡ್ಸಿಯವರು ವಿಲ್ಸನ್ ಗ್ರೋವ್‌ನಲ್ಲಿ ಕೊಳೆಗೇರಿ ಕೆಡವಿ, ಕೈತೋಟವಿರುವ ಪುಟ್ಟ ಮನೆಗಳನ್ನು ಕಟ್ಟಿಸಿದರು. ಅವು ಕೆಲವರಿಗಷ್ಟೇ ಸಾಕಾದವು. ಮುಂದೆ ಕಟ್ಟಿದ್ದರಲ್ಲಿ ಜಾಸ್ತಿ ಫ್ಲ್ಯಾಟುಗಳೇ.